ಟೋಲ್ ಸತ್ತ ದಿನ

ಅಂಟಿಸಿದ್ದನ್ನು ಹರಿಯದಂತೆ ಕೀಳುವ ಕಲೆ ಶಶಿಕಿರಣನಿಗೆ ಗೊತ್ತಿಲ್ಲದೆ ಹೋಗಿದ್ದರೆ ಹಗರೆಯ ಜನ ಅವನನ್ನು ಸಾಯಿಸುತ್ತಿರಲಿಲ್ಲ.

ಅವನ ಮನೆ ಹಗರೆಯಲ್ಲಿ, ಸ್ಟಿಕರ್ ಅಂಗಡಿ ಬೇಲೂರಿನಲ್ಲಿ. ನಡುವಿನ ರಸ್ತೆಗೆ ಈಚೆಗೆ ಒಂದು ಕಬ್ಬಿಣದ ಕಮಾನು ಬಂದಿತ್ತು. ಗೇಟಿಲ್ಲ, ಕ್ಯೂ ಇಲ್ಲ, ಚಿಲ್ಲರೆ ಜಗಳವಿಲ್ಲ. ಗಾಡಿ ಕೆಳಗೆ ನುಸುಳಿದರೆ ಸಾಕು, ಮೇಲಿನ ಯಂತ್ರ ಮುಂದಿನ ಗಾಜಿಗೆ ಅಂಟಿಸಿದ ಟ್ಯಾಗನ್ನು ಓದಿ, ದುಡ್ಡು ಕಿತ್ತುಕೊಂಡು, ಮೊಬೈಲಿಗೆ ‘ಶುಭ ಪ್ರಯಾಣ’ ಎಂದು ಹರಸುತ್ತಿತ್ತು. ಜೇಬು ಕತ್ತರಿಸಿದವನು ಬಸ್ಸಿಳಿಯುವಾಗ ನಮಸ್ಕಾರ ಹೇಳಿದ ಹಾಗೆ. ಫಾಸ್ಟ್ಯಾಗ್ ಎಂದರೆ ಫಾಸ್ಟಾಗಿ ಖಾಲಿಯಾಗುವುದು ಎಂಬ ಅರ್ಥ ಊರಿಗೆ ಒಂದೇ ವಾರದಲ್ಲಿ ಹೊಳೆಯಿತು. ದಿನವೂ ಹಳೆಯ ವ್ಯಾನಿನಲ್ಲಿ ಹೋಗಿ ಬರುವ ಶಶಿಕಿರಣನಿಗಂತೂ ಅಂಗಡಿಯ ಸಂಪಾದನೆಯೆಲ್ಲ ಕಮಾನಿಗೇ ಸಾಲದಾಯಿತು.

“ಒಂದೋ ಆ ಕಮಾನು ಹೋಗ್ಬೇಕು, ಇಲ್ಲಾ ನನ್ನ ಅಂಗಡಿ ಹೋಗ್ಬೇಕು” ಎಂದು ಊಟದ ಹೊತ್ತಿನಲ್ಲಿ ಹೆಂಡತಿ ಶರ್ಮಿಳಾಗೆ ಹೇಳಿದ. ಅವಳು ಅದನ್ನು ಅರಸೀಕೆರೆಯಲ್ಲಿದ್ದ ತಂದೆಗೆ ಫೋನಿನಲ್ಲಿ ಹೇಳಿದಳು. ಬೆಳಿಗ್ಗೆ ಬಾಗಿಲು ತೆರೆದರೆ ಮಾವ, ಕೊಬ್ಬರಿ ವ್ಯಾಪಾರಿ ಏಕಾಂತಯ್ಯನವರು, ಹೆಗಲಿಗೆ ಹಸಿರು ಶಾಲು, ಕೈಯಲ್ಲಿ ಮೈಕು ಹಿಡಿದು ನಿಂತಿದ್ದರು. ಹೆಸರಷ್ಟೇ ಏಕಾಂತ, ಜನ ಸೇರಿದಲ್ಲೆಲ್ಲ ಅವರಿರುತ್ತಿದ್ದರು. ರಾತ್ರಿಯೇ ಟೋಲ್ ವಿರೋಧಿ ಸಮಿತಿ ಮಾಡಿ ಅಧ್ಯಕ್ಷರೂ ಆಗಿಬಿಟ್ಟಿದ್ದರು.

“ಅಳಿಯಂದ್ರೇ, ಅನ್ನದ ತಟ್ಟೆ ಮುಂದೆ ಗೊಣಗಿದ್ರೆ ಟೋಲ್ ಹೋಗಲ್ಲ. ಇವತ್ತು ಟೋಲಿನ ಅಣಕು ಶವಯಾತ್ರೆ. ಊರೋರೆಲ್ಲ ಟ್ಯಾಗ್ ಕಿತ್ತು ಕೊಡ್ತಾರೆ. ಅದನ್ನೇ ಹೆಣಕ್ಕೆ ಹಾರ ಹಾಕಿ, ಕಮಾನಿನ ಕೆಳಗೇ ಒಯ್ದು, ಆಚೆ ಕಡೆ ಮಣ್ಣು ಮಾಡೋದು.”

“ಕೀಳೋದು ಯಾರು ಮಾವ?”

“ನಿಮ್ಮ ಅಂಗಡಿ ಬೋರ್ಡಲ್ಲಿ ಏನು ಬರ್ಸಿದೀರಿ?”

‘ಅಂಟಿಸಲಾಗುವುದು, ಕೀಳಲಾಗುವುದು’ ಎಂದು ಬರೆಸಿದ್ದ. ಶಶಿಕಿರಣ ಒಳಗೆ ಹೋಗಿ ಶರ್ಮಿಳಾಳ ಹೇರ್ ಡ್ರೈಯರ್ ತಂದ.

ಜನ ಅಡುಗೆಮನೆ ಚಾಕು ಹಿಡಿದು ಗಾಜು ಕೆರೆಯಲು ಹೊರಟಿದ್ದರು. ಅವನು ತಡೆದ. “ಹಂಗೆ ಕಿತ್ರೆ ಒಳಗಿನ ಎಳೆ ಹರಿದು ಟ್ಯಾಗ್ ಸತ್ತೋಗುತ್ತೆ ಕಣ್ರೀ. ಬಿಸಿಗಾಳಿ ಬಿಟ್ಟು ನಿಧಾನಕ್ಕೆ ಎಳೀಬೇಕು.” ಹಸುಗೂಸಿನ ಬೆರಳಿನಿಂದ ಉಂಗುರ ತೆಗೆದ ಹಾಗೆ ಒಂದೊಂದನ್ನೂ ತೆಗೆದ. ಒಂದೂ ಹರಿಯಲಿಲ್ಲ.

“ಇಷ್ಟು ನಾಜೂಕು ಯಾಕ್ಲಾ?” ಎಂದ ಹಾಲಿನ ಪಿಕಪ್ ಓಡಿಸುವ ಕೆಂಚಯ್ಯ.

“ಹೋರಾಟ ಗೆದ್ದ ಮೇಲೆ ವಾಪಸ್ ಅಂಟಿಸ್ಕೊಳ್ಳೋಕೆ.”

“ಗೆದ್ದ ಮೇಲೆ ಯಾಕ್ಲಾ ಅಂಟಿಸ್ಕೋಬೇಕು?”

ಶಶಿಕಿರಣ ಡ್ರೈಯರ್ ಜೋರು ಮಾಡಿದ. ಕಿತ್ತ ಟ್ಯಾಗುಗಳನ್ನೆಲ್ಲ ಒಂದು ಹಳೆಯ ಬ್ಯಾನರ್ ಪಟ್ಟಿಗೆ ಗಟ್ಟಿಯಾಗಿ ಅಂಟಿಸಿದ. ಅಂಟಿಸುವುದರಲ್ಲೂ ಅವನು ಅಷ್ಟೇ ಗಟ್ಟಿಗ.

ಹುಲ್ಲು ಕಟ್ಟಿ ಮಾಡಿದ್ದ ಟೋಲಿನ ಹೆಣವನ್ನು ಹೋಟೆಲಿನ ಗೋಡೆಗೆ ಒರಗಿಸಿ ಎಲ್ಲರೂ ಟೀ ಕುಡಿಯಲು ಹೋದರು. ಬಂದು ನೋಡಿದರೆ ತಲೆಯಿಂದ ಸೊಂಟದವರೆಗೆ ಹೆಣವೇ ಇಲ್ಲ. ಪಕ್ಕದಲ್ಲಿ ಅನುಸೂಯಮ್ಮನ ಹಸು ತೃಪ್ತಿಯಿಂದ ಮೆಲುಕು ಹಾಕುತ್ತಿತ್ತು.

“ಯಾಕ್ ಹಂಗ್ ನೋಡ್ತೀರಿ?” ಅನುಸೂಯಮ್ಮ ಸೊಂಟಕ್ಕೆ ಕೈಯಿಟ್ಟಳು. “ಇಡೀ ಊರಲ್ಲಿ ಟೋಲನ್ನ ಅರ್ಧ ಆದ್ರೂ ಮುಗ್ಸಿರೋದು ನನ್ನ ಹಸು ಒಂದೇಯ.”

ಹೆಣವಿಲ್ಲದೆ ಶವಯಾತ್ರೆ ಹೇಗೆ? ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಎಲ್ಲರೂ ಶಶಿಕಿರಣನ ಮುಖ ನೋಡಿದರು.

“ಅಂಗ್ಡೀಲಿ ಇವನು ಕೂತಿರೋದು ನೋಡಿವ್ನಿ. ಹೆಣಕ್ಕೇನೂ ಕಮ್ಮಿ ಇಲ್ಲ” ಎಂದು ಕೆಂಚಯ್ಯ ಶಿಫಾರಸು ಮಾಡಿದ.

“ಮಾವ, ನನ್ನ ಅಂಗಡಿ...”

“ಅಂಗಡಿ ಉಳೀಬೇಕು ಅಂದ್ರೆ ನೀವು ಸಾಯ್ಲೇಬೇಕು ಅಳಿಯಂದ್ರೇ.”

ಹೆಣ ಒಪ್ಪಿದರೂ ಜಗಳ ಮುಗಿಯಲಿಲ್ಲ. ಕೆಂಚಯ್ಯ ಪಿಕಪ್ಪಿನಲ್ಲಿ ಚಾಪೆ ಹಾಸಿದರೆ ಏಕಾಂತಯ್ಯನವರು ಮೈಕಿನಲ್ಲೇ ಆಕ್ಷೇಪಿಸಿದರು. “ಮಲಗಿಸೋದುಂಟಾ? ಕೂರಿಸಿ ಒಯ್ಯೋದು ಪದ್ಧತಿ.”

“ಅದು ನಿಮ್ಮಲ್ಲಿ ಸ್ವಾಮಿ. ನಮ್ಮಲ್ಲಿ ಮಲಗ್ಸೋದು. ಟೋಲ್ ಯಾರ ಪೈಕಿ, ಅದನ್ನ ಹೇಳಿ ಮೊದ್ಲು.”

ಜನ ಗಂಭೀರವಾಗಿ ಯೋಚಿಸಿದರು. “ಅದಕ್ಕೆ ಪೈಕಿ ಎಲ್ಲೈತೆ, ಪೈಸೆ ಒಂದೇ” ಎಂದಳು ಅನುಸೂಯಮ್ಮ. ಕೊನೆಗೆ ಟೋಲಿನ ಪೈಕಿ ಗೊತ್ತಾಗದಿದ್ದರೂ ಹೆಣದ ಪೈಕಿ ಗೊತ್ತಿದೆಯಲ್ಲ ಎಂದು ಪಿಕಪ್ಪಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಶಶಿಕಿರಣನನ್ನು ಕೂರಿಸಿದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂ, ಎದೆಗೆ ಅಡ್ಡಲಾಗಿ ಊರಿನ ಟ್ಯಾಗುಗಳ ಪಟ್ಟಿ. ಎದುರಿನಿಂದ ನೋಡಿದರೆ ಎದೆ ಥೇಟ್ ಗಾಡಿಯ ಮುಂದಿನ ಗಾಜು.

ಮೆರವಣಿಗೆ ಹೊರಟಿತು. ಅನುಸೂಯಮ್ಮ ಅಳುವುದರಲ್ಲಿ ಪಳಗಿದ ಕೈ. ಟೋಲಿಗಾಗಿ ಶುರು ಮಾಡಿದ ಅಳು ಎರಡು ತಿರುವು ದಾಟುವಷ್ಟರಲ್ಲಿ ಶಶಿಕಿರಣನ ಕಡೆ ತಿರುಗಿತು.

“ನನ್ನ ಬಾಗ್ಲಿಗೆ ಲಕ್ಷ್ಮೀನ ಓರೆಯಾಗಿ ಅಂಟ್ಸಿ ಹೋದೆಯಲ್ಲೋ ನನ್ನಪ್ಪಾ... ಇನ್ನ್ಯಾರು ನೆಟ್ಟಗೆ ಮಾಡ್ತಾರೋ ನನ್ ಮಗನೇ...”

“ನಾಳೆ ಬಂದು ಮಾಡ್ತೀನಿ ಅನುಸೂಯಮ್ಮ” ಎಂದಿತು ಹೆಣ.

“ಸತ್ಮೇಲೂ ನಾಳೆ ಅಂತಾನಲ್ಲೋ...”

ಕಮಾನು ಕಂಡಿತು. ಏಕಾಂತಯ್ಯನವರ ದನಿ ಗಾಣದ ಎಣ್ಣೆಯಂತೆ ಮಂದವಾಗಿ, ದಪ್ಪವಾಗಿ ಇಳಿಯತೊಡಗಿತು. “ನಮ್ಮ ರಸ್ತೆ, ನಮ್ಮ ಗಾಡಿ, ನಮ್ಮ ಪೆಟ್ರೋಲು. ಮಧ್ಯ ನೀನ್ಯಾರಯ್ಯಾ ಕಮಾನು? ಪ್ರತಿಭಟನೆಯಿಂದ ಟೋಲ್ ನಿಲ್ಲಲ್ಲ ಅಂದೋರು ಇವತ್ತು ನೋಡ್ಲಿ. ಟೋಲ್ ಸತ್ತಿತೇ?”

“ಸತ್ತಿತು, ಸತ್ತಿತು” ಎಂದಿತು ಊರು.

ಪಿಕಪ್ ಕಮಾನಿನ ಕೆಳಗೆ ಸಾಗಿತು. ಮೇಲೊಂದು ನೀಲಿ ದೀಪ ಮಿಣುಕಿತು. ಮರುಕ್ಷಣ ಮೆರವಣಿಗೆಯ ಜೇಬು ಜೇಬಿನಲ್ಲೂ ಟಿಂಗ್, ಟಿಂಗ್, ಟಿಂಗ್ ಎಂದು ಮಹಾಮಂಗಳಾರತಿ ಶುರುವಾಯಿತು.

“ನೋಡಿ, ಬೆಂಬಲದ ಮೆಸೇಜು ಬರ್ತಾ ಇದಾವೆ” ಎಂದರು ಅಧ್ಯಕ್ಷರು.

ಕೆಂಚಯ್ಯ ಪಿಕಪ್ ನಿಲ್ಲಿಸಿ ಮೊಬೈಲ್ ಓದಿದ. “ದುಡ್ಡು ಹೋಗೈತೆ ಸ್ವಾಮಿ. ಶುಭ ಪ್ರಯಾಣ ಅಂತಾನೂ ಐತೆ.”

“ಹಿಂದಕ್ಕೆ ತಗಿಯೋ” ಎಂದು ನಾಲ್ಕು ಜನ ಕೂಗಿದರು. ಅವನು ತೆಗೆದ. ಮತ್ತೊಂದು ಮಂಗಳಾರತಿ. “ಮುಂದಕ್ಕೆ ಹೊಡಿಯೋ” ಎಂದು ಉಳಿದವರು ಕೂಗಿದರು. ಹೊಡೆದ. ಮೂರನೆಯದೂ ಆಯಿತು. ಇಡೀ ಊರು ನಿಂತಲ್ಲೇ ನಿಂತು ಬೇಲೂರಿಗೆ ಹೋಗಿ, ಬಂದು, ಮತ್ತೆ ಹೋಗಿತ್ತು.

“ನನ್ನ ಟ್ಯಾಗು ಕಿತ್ತು ಕೊಡ್ಲಾ” ಎಂದು ಕೆಂಚಯ್ಯ ಪಟ್ಟಿಗೆ ಕೈ ಹಾಕಿ ಎಳೆದ. ಟ್ಯಾಗು ಜಗ್ಗಲಿಲ್ಲ.

“ಬಿಸಿಗಾಳಿ ಬೇಕು” ಎಂದ ಶಶಿಕಿರಣ ಸಣ್ಣ ದನಿಯಲ್ಲಿ.

“ಒಂದಾದ್ರೂ ಹರೀಬಾರ್ದಿತ್ತೇನ್ಲಾ ಮುಂಡೇದೆ?”

ಜನ ಕುರ್ಚಿಯನ್ನು ಮುತ್ತಿದ ರಭಸ ನೋಡಿದರೆ ಅಣಕು ಶವಯಾತ್ರೆಯ ಅಣಕು ಎಂಬ ಪದ ಈಗಲೋ ಆಗಲೋ ಬಿದ್ದುಹೋಗುವಂತಿತ್ತು. ಏಕಾಂತಯ್ಯನವರು ಅಳಿಯನನ್ನು ಬಿಡಿಸಿ, ಕಮಾನಿನ ಪಕ್ಕದ ಕ್ಯಾಬಿನ್ನಿಗೆ ಎಳೆದುಕೊಂಡು ಹೋದರು. ಅಲ್ಲಿ ಆಶಾರಾಣಿ ಎಂಬ ಯುವತಿ ಕಂಪ್ಯೂಟರ್ ಮುಂದೆ ಕಡಲೆಬೀಜ ತಿನ್ನುತ್ತಿದ್ದಳು.

“ನಮ್ಮ ದುಡ್ಡು ವಾಪಸ್ ಕೊಡಿ. ಇದು ಪ್ರತಿಭಟನೆ.”

“ಪ್ರತಿಭಟನೆಗೆ ವಿನಾಯಿತಿ ಇಲ್ಲ ಸರ್.”

“ಶವಯಾತ್ರೆ ಕಣಮ್ಮ ಇದು.”

“ಹಾಗೆ ಹೇಳಿ ಮತ್ತೆ. ಶವವಾಹನಕ್ಕೂ ಅದರ ಹಿಂದೆ ಬರೋ ಬಂಧುಗಳ ಗಾಡಿಗೂ ಇದೆ.” ಅವಳು ಕೈ ಒರೆಸಿಕೊಂಡು ಕೀಲಿ ಒತ್ತತೊಡಗಿದಳು. “ತೀರ್ಕೊಂಡಿರೋದು ಯಾರು?”

“ಟೋಲು” ಎಂದ ಕೆಂಚಯ್ಯ ಬಾಗಿಲಿನಿಂದ.

“ಟೋಲ್ ಅನ್ನೋ ಹೆಸರು ತಗೊಳ್ತಾ ಇಲ್ಲ. ಟ್ಯಾಗ್ ಇರೋ ಮನುಷ್ಯನ ಹೆಸರು ಬೇಕು.”

ಏಕಾಂತಯ್ಯನವರು ಕ್ಷಣವೂ ತಡಮಾಡಲಿಲ್ಲ. “ಶಶಿಕಿರಣ್. ನನ್ನ ಅಳಿಯ.”

“ಮಾವ, ಏನ್ ಹೇಳ್ತಿದೀರಿ? ಮೇಡಂ, ನಾನು ಬದುಕಿದೀನಿ.”

“ಬದುಕಿರೋರಿಗೆ ವಿನಾಯಿತಿ ಇಲ್ಲ ಸರ್.” ಅವಳು ಪರದೆ ತಿರುಗಿಸಿ ತೋರಿಸಿದಳು. ವಿಭೂತಿ, ಹಾರ, ಕುರ್ಚಿ, ಬಾಯಿ ಬಡಿದುಕೊಳ್ಳುತ್ತಿದ್ದ ಅನುಸೂಯಮ್ಮ. “ಕ್ಯಾಮೆರಾದಲ್ಲಿ ನೀವು ಹೋಗಿಬಿಟ್ಟಿದೀರಿ. ನಾನು ಕ್ಯಾಮೆರಾ ಬಿಟ್ಟು ಬೇರೆ ನೋಡೋ ಹಾಗಿಲ್ಲ.”

ಹೊರಗೆ ಊರು ಕಾಯುತ್ತಿತ್ತು. ಕೆಲವರ ಕೈಯಲ್ಲಿ ಕಲ್ಲಿದ್ದವು. ಶಶಿಕಿರಣ ಕಿಟಕಿಯಿಂದ ಇಣುಕಿ, ಕಂಪ್ಯೂಟರಿನಲ್ಲಿ ಸಾಯುವುದೇ ಸುಲಭವೆಂದು ತೀರ್ಮಾನಿಸಿದ. ಆಶಾರಾಣಿ ಒಂದು ಕೀಲಿ ಒತ್ತಿದಳು. ಹೊರಗೆ ನಾಲ್ಕನೆಯ ಮಂಗಳಾರತಿ ಮೊಳಗಿತು. ಈ ಸಲ ದುಡ್ಡು ಹಿಂದಕ್ಕೆ ಬಂದಿತ್ತು.

ಏಕಾಂತಯ್ಯನವರನ್ನು ಹೆಗಲ ಮೇಲೆ ಹೊತ್ತರು. ಶಶಿಕಿರಣ ಹಿಂದೆ ನಡೆದುಕೊಂಡು ಬಂದ. ಸಂಜೆಯೆಲ್ಲ ಡ್ರೈಯರ್ ಹಿಡಿದು ಟ್ಯಾಗುಗಳನ್ನು ಪಟ್ಟಿಯಿಂದ ಬಿಡಿಸಿ ಅವರವರ ಗಾಜಿಗೆ ಅಂಟಿಸಿ, ತನ್ನದನ್ನೂ ವ್ಯಾನಿಗೆ ಅಂಟಿಸಿಕೊಂಡು ಮಲಗಿದ.

ಬೆಳಿಗ್ಗೆ ಅಂಗಡಿಗೆ ಹೊರಟರೆ ಮನೆ ಮುಂದೆ ಕಾರು, ಜೀಪು, ಟೆಂಪೊಗಳ ಸಾಲು. ಮುಂದೆ ಪಿಕಪ್ಪು. ಅದರ ಮೇಲೆ ಅದೇ ಕುರ್ಚಿ, ಹೊಸ ಹಾರ.

“ಬನ್ನಿ ಅಳಿಯಂದ್ರೇ, ಜನಕ್ಕೆ ಬೇಲೂರಿಗೆ ಹೊತ್ತಾಗುತ್ತೆ. ಕಮಾನು ಕೀಳೋವರೆಗೂ ಹೋರಾಟ ನಿಲ್ಲಲ್ಲ. ಬೆಳಿಗ್ಗೆ ಹೆಣ ಹೋಗೋದು, ಸಂಜೆ ಹೆಣ ಬರೋದು. ಹಿಂದಿರೋರೆಲ್ಲ ಬಂಧುಗಳು. ಒಬ್ಬನೂ ಒಂದು ಪೈಸೆ ಕೊಡೋ ಹಾಗಿಲ್ಲ.”

“ನನ್ನ ಅಂಗಡಿ ಮಾವ?”

“ಸಾವಿನ ಮನೆಯೋರು ಅಂಗಡಿ ತೆಗೀತಾರಾ ಎಲ್ಲಾದ್ರೂ?”

ಶಶಿಕಿರಣ ಹೆಂಡತಿಯ ಮುಖ ನೋಡಿದ. “ರೀ, ವ್ಯಾನ್ ನಾನು ತರ್ತೀನಿ. ನಮ್ಮದೂ ಬಿಟ್ಟಿ ಹೋಗ್ಲಿ” ಎಂದು ಶರ್ಮಿಳಾ ಕೀಲಿಕೈ ಕಸಿದುಕೊಂಡು ಸಾಲಿನ ಕೊನೆಗೆ ಓಡಿದಳು. ಅದೂ ನಿಜವೆನಿಸಿತು. ಅವನು ಕುರ್ಚಿ ಏರಿದ.

ಪಿಕಪ್ ಕಮಾನು ದಾಟಿ ಆಚೆ ನಿಂತಿತು. ಒಂದು ಟಿಂಗೂ ಇಲ್ಲ. ಹಿಂದೆ ಕಾರು ದಾಟಿತು, ಜೀಪು ದಾಟಿತು, ಟೆಂಪೊಗಳು ದಾಟಿದವು. ನಿಶ್ಶಬ್ದ. ಅಷ್ಟು ದೊಡ್ಡ ಕಬ್ಬಿಣದ ಕಮಾನು ಬಟ್ಟೆ ಒಣಹಾಕುವ ಗಳುವಿನಂತೆ ಸುಮ್ಮನೆ ನಿಂತಿತ್ತು. ಶಶಿಕಿರಣನ ಎದೆ ಉಬ್ಬಿತು. ಹೆಣ ಎದ್ದು ನಿಂತು ಮುಷ್ಟಿ ಎತ್ತಿ, ಊರಿಗೆಲ್ಲ ಕೇಳುವಂತೆ “ಟೋಲಿಗೆ ಧಿಕ್ಕಾರ” ಎಂದು ಕೂಗಿತು.

ಕೊನೆಯಲ್ಲಿ ಶರ್ಮಿಳಾಳ ವ್ಯಾನು ದಾಟಿತು.

ಟಿಂಗ್.

ಒಂದೇ ಒಂದು. ಅದು ಅವನದೇ ಜೇಬಿನಲ್ಲಿ. ಹಾರ ಸರಿಸಿ ಮೊಬೈಲ್ ತೆಗೆದು ಓದಿದ.

‘ಮಾನ್ಯ ಶಶಿಕಿರಣ್ ಅವರೇ, ತಮ್ಮ ನಿಧನದ ಕಾರಣ ತಮ್ಮ ಟ್ಯಾಗ್ ರದ್ದಾಗಿದೆ. ಟ್ಯಾಗ್ ಇಲ್ಲದ ವಾಹನಕ್ಕೆ ಶವಯಾತ್ರೆಯ ವಿನಾಯಿತಿ ಅನ್ವಯಿಸುವುದಿಲ್ಲ. ಎರಡು ಪಟ್ಟು ಶುಲ್ಕ ವಿಧಿಸಲಾಗಿದೆ. ಶುಭ ಪ್ರಯಾಣ.’

ಅವನು ಬಾಯಿ ತೆರೆದ.

“ಕೂತ್ಕೊಳ್ಳಿ ಅಳಿಯಂದ್ರೇ” ಎಂದರು ಏಕಾಂತಯ್ಯನವರು, ಮೈಕು ಮುಚ್ಚಿಕೊಂಡು. “ಅಲ್ಲಾಡಬೇಡಿ. ಕ್ಯಾಮೆರಾ ನೋಡ್ತಿದೆ.”