ಗೋಡೆಗೆ ಬಾಯಿ ಬಂದ ದಿನ

ಎಲ್ಲಕ್ಕೂ ಕಾರಣ ಒಂದು ಸೀಮೆಸುಣ್ಣದ ತುಂಡು. ಅದು ಇತಿಹಾಸದ ಮೇಷ್ಟ್ರ ಜೇಬಿನಿಂದ ಜಾರಿ ಹೆಡ್‌ಮಿಸ್ಸಿನ ಮೇಜಿನ ಮೇಲೆ ಬಿದ್ದದ್ದೇ ತಡ, ಅವರು ಸಿಡಿದೆದ್ದರು.

"ಇನ್ನೂ ಸೀಮೆಸುಣ್ಣವೇನ್ರೀ? ನಿಮ್ಮ ಕ್ಲಾಸಿಗೆ ಡಿಜಿಟಲ್ ಪರದೆ ಹಾಕಿಸಿ ಎಂಟು ತಿಂಗಳಾಯ್ತು!"

ಹಾಕಿಸಿದ್ದೇನೋ ನಿಜ. ಆದರೆ ಧೂಳು ಕೂತೀತೆಂದು ಅದಕ್ಕೆ ಹೂವಿನ ಚಿತ್ತಾರದ ಗವಸು ಹೊಲಿಸಿ, ಯಾರೂ ಮುಟ್ಟದಂತೆ ಕಾದವರೂ ಹೆಡ್‌ಮಿಸ್ಸೇ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮೇಷ್ಟ್ರಿಗಿರಲಿಲ್ಲ. ಇಪ್ಪತ್ತಾರು ವರ್ಷ ಯುದ್ಧಗಳ ಪಾಠ ಮಾಡಿಯೂ ಪುಣ್ಯಾತ್ಮ ಒಂದು ಜಗಳ ಆಡಿದವರಲ್ಲ.

"ಮಧ್ಯಾಹ್ನ ಇಲಾಖೆ ಸಾಹೇಬರು ತಪಾಸಣೆಗೆ ಬರ್ತಾರೆ. ಪರದೆ ಮೇಲೆ ಪಾಠ ಮಾಡಿ ತೋರಿಸಿ. ಸೈ ಅನ್ನಿಸಿಕೊಂಡ್ರೆ ನಿಮ್ಮ ಕರಿಹಲಗೆ ಉಳಿಯತ್ತೆ. ಇಲ್ಲಾಂದ್ರೆ ಅದು ಗುಜರಿಗೆ, ನೀವು ಏಳು ದಿನದ ಕಂಪ್ಯೂಟರ್ ತರಬೇತಿಗೆ!"

ಆ ಮರದ ಹಲಗೆಯೆಂದರೆ ಮೇಷ್ಟ್ರಿಗೆ ಪ್ರಾಣ. ಅದರ ಮೇಲೆ ಅವರು ಬಿಡಿಸುವ ಭೂಪಟ ನೋಡಲು ಪಕ್ಕದ ತರಗತಿಯ ಮಕ್ಕಳೂ ಕಿಟಕಿಗೆ ಜೋತುಬೀಳುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ಸಲಹೆಗೇನೂ ಬರವಿರಲಿಲ್ಲ. "ಫೋನನ್ನ ಪರದೆಗೆ ಜೋಡಿಸಿಬಿಟ್ರೆ ಆಯ್ತು ಸಾರ್," ಎಂದು ಗಣಿತದ ಮಿಸ್ಸು ತಾವೇ ಜೋಡಿಸಿಕೊಟ್ಟರು. "ಗೊತ್ತಿಲ್ಲ ಅಂತ ಮಾತ್ರ ತೋರಿಸ್ಕೋಬೇಡಿ!" ಎಂದು ಡ್ರಿಲ್ ಮೇಷ್ಟ್ರು ಬೆನ್ನಿಗೊಂದು ಗುದ್ದಿದರು. ಜೋಡಿಸಿದರೆ ಏನಾಗುತ್ತದೆಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಮಧ್ಯಾಹ್ನ ಗವಸು ತೆಗೆದು ಪರದೆ ಹಚ್ಚಿದರು. ಹಿಂದಿನ ಬೆಂಚಿನಲ್ಲಿ ಸಾಹೇಬರು, ಪಕ್ಕದಲ್ಲಿ ಹೆಡ್‌ಮಿಸ್ಸು. ಮೇಷ್ಟ್ರು ಪರದೆಗೆ ಬೆನ್ನು ಹಾಕಿ ನಿಂತರು. ಮೇಜಿನ ಮರೆಯಲ್ಲಿ, ಯಾರಿಗೂ ಕಾಣದಂತೆ, ಫೋನಿನಲ್ಲಿ ಒತ್ತಿದರು: 'ಕಂಪ್ಯೂಟರ್ ಬಾರದವರು ಬರುವಂತೆ ನಟಿಸುವುದು ಹೇಗೆ?'

ತರಗತಿ ಗೊಳ್ಳೆಂದಿತು. ಗಾಬರಿಯಲ್ಲಿ ಮತ್ತೆ ಒತ್ತಿದರು: 'ಮಕ್ಕಳು ಸುಮ್ಮಸುಮ್ಮನೆ ಯಾಕೆ ನಗುತ್ತಾರೆ?' ನಗು ಇಮ್ಮಡಿಯಾಯಿತು. 'ಸಾಹೇಬರನ್ನು ಬೇಗ ಸಾಗಹಾಕುವ ಉಪಾಯ?'

ಮುಂದಿನ ಬೆಂಚಿನ ಹುಡುಗಿ ಕಣ್ಣೊರೆಸಿಕೊಳ್ಳುತ್ತ, "ಸಾರ್, ಹಿಂದೆ ನೋಡಿ!" ಎಂದಳು. ತಿರುಗಿದರೆ, ಗೋಡೆಯಗಲದ ಪರದೆಯ ಮೇಲೆ ಅವರ ಮಾನ ಮೂರು ಸಾಲಾಗಿ ನಿಂತಿತ್ತು.

ಹೆಡ್‌ಮಿಸ್ಸು ಹಲ್ಲು ಕಡಿದರು. ಸಾಹೇಬರೋ, ಎದ್ದು ಚಪ್ಪಾಳೆ ತಟ್ಟಿದರು!

"ಭೇಷ್! ನನ್ನನ್ನೂ ಬಿಡಲಿಲ್ಲ ನೀವು! ಗೊತ್ತಿಲ್ಲದ್ದನ್ನ ಮಕ್ಕಳ ಮುಂದೇನೇ ಹುಡುಕಿ ತೋರಿಸೋ ಮೇಷ್ಟ್ರನ್ನ ಇವತ್ತೇ ನೋಡಿದ್ದು. ಇದು ಕಣ್ರೀ ಹೊಸ ಕಾಲದ ಪಾಠ!"

ಹಲಗೆ ಉಳಿಯಿತು! ಮೇಷ್ಟ್ರಿಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಸಾಹೇಬರು ಅವರ ಹೆಗಲಿಗೆ ಕೈಹಾಕಿ ಹೊರಗೆ ಕರೆದೊಯ್ದು, ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಮೇಷ್ಟ್ರೇ, ಫೋನಲ್ಲಿ ಒತ್ತಿದ್ದು ಗೋಡೆ ಮೇಲೆ ಹೇಗೆ ಬಂತ್ರೀ? ಎರಡು ವರ್ಷದಿಂದ ತಪಾಸಣೆ ಮಾಡ್ತಿದೀನಿ, ನನಗೇ ಗೊತ್ತಿಲ್ಲ. ಆ ಏಳು ದಿನದ ತರಬೇತಿಗೆ ಕಲಿಸೋರೇ ಸಿಕ್ಕಿರಲಿಲ್ಲ. ನಾಳೆಯಿಂದ ನೀವೇ ಬನ್ನಿ."

"ಸಾರ್, ನನಗೆ ನಿಜವಾಗ್ಲೂ ಬರಲ್ಲ..."

"ಈ ವಿನಯವೆಲ್ಲ ಬೇಡ! ಹಾಂ, ಆ ಕರಿಹಲಗೇನ ಈಗ್ಲೇ ನನ್ನ ಗಾಡಿಗೆ ಹಾಕಿಸಿ. ಕಂಪ್ಯೂಟರ್ ಆಗಲಿ ಏನೇ ಆಗಲಿ, ಹಲಗೆ ಮೇಲೆ ಬರೆದು ಹೇಳಿದ್ರೇನೇ ನಮ್ಮ ತಲೆಗೆ ಹೋಗೋದು."

ಹಲಗೆ ಹೋಯಿತು. ಮೇಷ್ಟ್ರು ತರಗತಿಗೆ ಮರಳಿ, ಕುರ್ಚಿಯಲ್ಲಿ ಕುಸಿದು, ಮೇಜಿನ ಮರೆಯಲ್ಲಿ ಮೆಲ್ಲಗೆ ಒತ್ತಿದರು: 'ನಾಳೆಯಿಂದ ಏಳು ದಿನ ರಜೆ ಹಾಕಲು ಯಾವ ಕಾಯಿಲೆ ಒಳ್ಳೆಯದು?'

ತರಗತಿ ಮತ್ತೆ ಗೊಳ್ಳೆಂದಿತು. ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್ಸು ಇನ್ನೂ ಕೂತೇ ಇದ್ದರು.