ಬುತ್ತಿ ಗಂಟಿಗೆ ಸರ್ವರ್ ಹಾಕಿದ ಕಥೆ

ವಾಸ್ಕೋ ಬಸ್ ನಿಲ್ದಾಣದ ಬಳಿಯ ನನ್ನ ಝೆರಾಕ್ಸ್ ಅಂಗಡಿಗೆ ಇನ್ನೊಂದು ಕೆಲಸವೂ ಇದೆ. ವಿಜಯಪುರದ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಬುತ್ತಿ ಗಂಟುಗಳನ್ನು ಇಳಿಸಿಕೊಂಡು, ಇಲ್ಲಿ ಬಂದರಿನಲ್ಲೋ ಬೀಚಿನಲ್ಲೋ ದುಡಿಯುವ ನಮ್ಮವರಿಗೆ ಕೊಡುವುದು. ಅಪ್ಪ ಶುರುಮಾಡಿದ ಪುಕ್ಕಟೆ ಸೇವೆ. ಗಂಟು ಕಟ್ಟಿದ ಬಟ್ಟೆ ನೋಡಿಯೇ ಅದು ಯಾರದೆಂದು ಅಪ್ಪ ಹೇಳುತ್ತಿದ್ದ. ಇಳಕಲ್ ಸೀರೆಯ ಹಳೇ ಸೆರಗಾದರೆ ಈರಪ್ಪನದು, ಹಸಿರು ಚೌಕಳಿ ಲುಂಗಿಯ ತುಂಡಾದರೆ ಮಹಬೂಬಿಯದು. ಗಂಟನ್ನು ಮೂಗಿಗೆ ಹಿಡಿದು, "ಆಹಾ, ಅಗಸಿ ಚಟ್ನಿ!" ಎಂದು ಕಣ್ಣು ಮುಚ್ಚುತ್ತಿದ್ದ. ಅಪ್ಪ ಹೋದ ಮೇಲೂ ಗಂಟುಗಳು ಬರುತ್ತಿವೆ. ಆದರೆ ಅಂಗಡಿಯಲ್ಲಿ ಆ ಸಂಭ್ರಮ ಇಲ್ಲ.

ನನಗೆ ಅಪ್ಪನ ಮೂಗು ಬಂದಿಲ್ಲ. ಆದರೆ ಕಂಪ್ಯೂಟರ್ ಡಿಪ್ಲೊಮಾ ಇದೆ! ಈ ಸಲದ ಎಳ್ಳಮಾವಾಸ್ಯೆಗೆ ಬುತ್ತಿ ವಿತರಣೆಯನ್ನು ಸಂಪೂರ್ಣ ಗಣಕೀಕರಿಸುವುದೆಂದು ನಾನು ಸರ್ವಾನುಮತದಿಂದ ತೀರ್ಮಾನಿಸಿದೆ. ಅವ್ವ ಹಬ್ಬಕ್ಕೆಂದು ಊರಿಗೆ ಹೋಗಿದ್ದಳು, ತಡೆಯುವವರು ಯಾರೂ ಇರಲಿಲ್ಲ.

ಪುಕ್ಕಟೆ ಸಿಗುವ ಆಫೀಸ್ ತಂತ್ರಾಂಶದಲ್ಲೇ ಪಟ್ಟಿ ಇಡಲು ಒಂದು ಡೇಟಾಬೇಸ್ ಇರುತ್ತದೆ. ಹತ್ತಾರು ಹೆಸರಿಗೆ ಅದೊಂದೇ ಧಾರಾಳವಾಗಿ ಸಾಕಿತ್ತು. ಆದರೆ ದೊಡ್ಡ ಸಂಸ್ಥೆಗಳು ಮಾಹಿತಿಯನ್ನು ಸರ್ವರ್ ಎಂಬ ಬೇರೆಯೇ ಕಂಪ್ಯೂಟರಿನಲ್ಲಿ ಇಡುತ್ತವೆ ಎಂದು ಒಂದು ವಿಡಿಯೊದಲ್ಲಿ ನೋಡಿದ್ದೆ. ನಾವೇನು ಸಣ್ಣವರೇ? ಹಳೆಯ ಕಂಪ್ಯೂಟರೊಂದನ್ನು ಅಡುಗೆಮನೆಯ ಮೂಲೆಯಲ್ಲಿ ಸರ್ವರ್ ಎಂದು ಪ್ರತಿಷ್ಠಾಪಿಸಿದೆ.

"ಇದಕ್ಕ ಬ್ಯಾರೆ ಜಾಗಾ ಸಿಗಲಿಲ್ಲೇನ್ರಿ? ಅಲ್ಲಿ ನನ್ನ ಮಿಕ್ಸರ್ ಇಡಬೇಕು" ಎಂದಳು ಹೆಂಡತಿ ಶಾಂತಾ.

"ಇದು ನಮ್ಮ ಸಂಸ್ಥೆಯ ಹೃದಯ, ಶಾಂತಾ!"

"ಹೃದಯಾನ ಯಾರರ ಒಲಿ ಮಗ್ಗಲಕ ಇಡ್ತಾರೇನ್ರಿ?"

ಅಜ್ಞಾನಿಗಳಿಗೆ ಉತ್ತರ ಕೊಡಬಾರದು. ಒಂದು ಇಡೀ ಭಾನುವಾರ ಗುದ್ದಾಡಿ, ಲ್ಯಾಪ್‌ಟಾಪಿನ ಡೇಟಾಬೇಸ್ ಕಡತವನ್ನು ಸರ್ವರ್‌ಗೆ ಜೋಡಿಸಿದೆ. ಹಾಲ್‌ನಲ್ಲಿ ಕೂತು ಹೆಸರು ಒತ್ತಿದರೆ ಅಡುಗೆಮನೆಯಲ್ಲಿ ದಾಖಲಾಗುತ್ತಿತ್ತು! ಮುಂಜಾಗ್ರತೆಗೆಂದು ಆ ಕಡತದ ಪ್ರತಿಯನ್ನು ಪೆನ್‌ಡ್ರೈವಿಗೂ ಹಾಕಿದೆ.

ಹಬ್ಬದ ಮರುದಿನ ಬೆಳಿಗ್ಗೆ ಬಸ್ ಬಂತು. ಕಂಡಕ್ಟರ್ ಹೇಳಿದ ಹೆಸರುಗಳನ್ನು ಗಂಟುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ಎಲ್ಲವನ್ನೂ ರಿಕ್ಷಾದಲ್ಲಿ ಮನೆಗೆ ತಂದೆ. ಹರಿದ ಸೀರೆ, ಮಾಸಿದ ಧೋತರ, ಲುಂಗಿ: ನೋಡಲು ಬಹಳ ಅವೈಜ್ಞಾನಿಕವಾಗಿತ್ತು. ಗಂಟುಗಳನ್ನು ಬಿಚ್ಚಿ, ಬುತ್ತಿಯನ್ನೆಲ್ಲ ಒಂದೇ ನಮೂನೆಯ ಬಿಳಿ ಚೀಲಗಳಿಗೆ ತುಂಬಿ, ನಂಬರ್ ಅಂಟಿಸಿ, ಯಾವ ನಂಬರ್ ಯಾರದೆಂದು ಸರ್ವರ್‌ಗೆ ಒಪ್ಪಿಸಿದೆ.

"ಗಂಟ ಯಾಕ ಬಿಚ್ಚಾಕತ್ತೀರಿ? ಮಾವನವರು ಒಂದಿನಾನೂ ಬಿಚ್ಚಿದ್ದಿಲ್ಲ."

"ಅಪ್ಪನ ಕಾಲ ಮುಗೀತು. ಇದು ನಂಬರಿನ ಕಾಲ! ಆ ಅರಬಿ-ಬಟ್ಟಿ ಎಲ್ಲಾ ಒಗದ ಹಾಕು. ಹಂಗ ಮಧ್ಯಾಹ್ನಕ್ಕ ಶೇಂಗಾ ಚಟ್ನಿ ಮಾಡು."

ಆ ಕೊನೆಯ ಮಾತನ್ನು ನಾನು ಆಡಬಾರದಿತ್ತು.

ಚೀಲಗಳೊಂದಿಗೆ ಅಂಗಡಿಗೆ ಬಂದಾಗ ಬಾಗಿಲಲ್ಲೇ ಜನ. ಎಲ್ಲರಿಗಿಂತ ಮುಂದೆ ಬೀಚಿನಲ್ಲಿ ಮಣಿಸರ ಮಾರುವ ಮಹಬೂಬಿ.

"ಅಣ್ಣಾ, ಮೊದಲ ನಂದು ಕೊಡ್ರಿ. ಅವ್ವನ ಕಣ್ಣ ಭಾಳ ಮಂಜ ಆಗ್ಯಾವು. ಇದ ಕಡೀ ಬುತ್ತಿ, ಇನ್ನ ನನ್ನ ಕೈಲೆ ಆಗಾಂಗಿಲ್ಲ ಅಂತ ಫೋನ್‌ನ್ಯಾಗ ಹೇಳ್ಯಾಳ."

"ಒಂದೇ ನಿಮಿಷ, ತಂಗಿ" ಎಂದು ಗಾಂಭೀರ್ಯದಿಂದ ಲ್ಯಾಪ್‌ಟಾಪ್ ತೆರೆದೆ. ಪರದೆ ಹೇಳಿತು: ಸರ್ವರ್ ಜೊತೆ ಸಂಪರ್ಕ ಸಾಧ್ಯವಾಗಲಿಲ್ಲ.

ಪೆನ್‌ಡ್ರೈವ್ ಚುಚ್ಚಿದೆ. ಅದೂ ಅದನ್ನೇ ಹೇಳಿತು! ಆಗ ಹೊಳೆಯಿತು. ಕಡತ ಬರೀ ಕಿಟಕಿ. ಹೆಸರುಗಳೆಲ್ಲ ಇದ್ದದ್ದು ಅಡುಗೆಮನೆಯ ಸರ್ವರಿನಲ್ಲಿ. ಮನೆಯ ವೈಫೈ ದಾಟಿದರೆ ಅದು ಸಿಗುವುದಿಲ್ಲ. ನಾನು ಕಿಟಕಿ ಕಿತ್ತುಕೊಂಡು ಅಂಗಡಿಗೆ ಬಂದಿದ್ದೆ. ಜೇಬಿನಲ್ಲಿ ಇನ್ನೊಂದು ಕಿಟಕಿ!

ಶಾಂತಾಳಿಗೆ ಫೋನ್ ಹಚ್ಚಿದೆ. "ಆ ಕಂಪ್ಯೂಟರ್ ನೋಡಿ ಹೆಸರ ಓದಿ ಹೇಳು!"

"ಅದರ ಪ್ಲಗ್ ಕಿತ್ತು ಮಿಕ್ಸರ್ ಹಚ್ಚಿದ್ನಿರಿ. ಚಟ್ನಿ ಬೇಕಂದಿದ್ರಲ್ಲ!"

"ಮತ್ತ ಚಾಲೂ ಮಾಡು!"

"ಮಾಡೀನ್ರಿ. ಕರೀ ಪರದೆ ಮ್ಯಾಲ ಬಿಳೀ ಅಕ್ಷರ ಬಂದ ನಿಂತಾವು. ಮುಂದಕ್ಕ ಹೋಗವಲ್ದು."

ಗಂಟಿನ ಬಟ್ಟೆಗಳು? ನೀರಿನಲ್ಲಿ ಒಗೆದು ಹಾಕಿದ್ದಳು, ಸೀಮೆಸುಣ್ಣದ ಹೆಸರುಗಳ ಸಮೇತ. ನಾನೇ ಹೇಳಿದ್ದೆನಲ್ಲ!

ಮಹಬೂಬಿಯ ಮುಖ ನೋಡಲಾಗಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಿಳಿ ಚೀಲಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದಳು. ಕಡೆಗೆ ಬಂದರಿನ ಈರಪ್ಪನೇ ಮುಂದೆ ಬಂದ. "ಎಲ್ಲಾ ಚೀಲಾ ಬಿಚ್ರಿ. ಮನಿ ಅಡಗಿ ಗುರ್ತ ಸಿಗಾಂಗಿಲ್ಲೇನು?"

ಝೆರಾಕ್ಸ್ ಮೇಜಿನ ಮೇಲೆ ಬುತ್ತಿಗಳೆಲ್ಲ ಹರಡಿದವು. ಈರಪ್ಪ ಒಂದು ಸಜ್ಜಿ ರೊಟ್ಟಿ ಮುರಿದು, ಕಟಕ್ ಎಂದ ಸದ್ದು ಕೇಳಿ, "ಇದು ನಮ್ಮಾಕಿದು!" ಎಂದ. ಯಾರೋ ಚಟ್ನಿಯ ಖಾರಕ್ಕೆ, ಯಾರೋ ರೊಟ್ಟಿಯ ಎಳ್ಳಿಗೆ ತಮ್ಮವರನ್ನು ಗುರುತಿಸಿದರು. ಮಹಬೂಬಿ ಒಂದು ಶೇಂಗಾ ಹೋಳಿಗೆಯನ್ನು ಬೆಳಕಿಗೆ ಹಿಡಿದಳು. ನಡುವೆ ಹೆಬ್ಬೆರಳಿನ ಗುರುತಿತ್ತು.

"ಕಣ್ಣ ಕಾಣೂದಿಲ್ಲಲ್ರಿ ಅಣ್ಣಾ. ಹೂರಣ ತುಂಬೇತೋ ಇಲ್ಲೋ ಅಂತ ಒತ್ತಿ ನೋಡ್ತಾಳ." ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟು ಅತ್ತಳು. ಆಮೇಲೆ ಅದನ್ನೇ ಮುರಿದು ನಮಗೆಲ್ಲ ಒಂದೊಂದು ಚೂರು ಕೊಟ್ಟಳು. ಅಂಗಡಿಯಲ್ಲಿ ಅಪ್ಪನ ಕಾಲದ ವಾಸನೆ ತುಂಬಿತ್ತು. ಅಪ್ಪ ಇರಬೇಕಿತ್ತು ಅನ್ನಿಸಿತು.

ಕೊನೆಗೆ ಒಂದೇ ಚೀಲ ಉಳಿಯಿತು. "ಇದ್ಯಾರದ್ರಿ? ಯಾರೂ ಕೇಳವಲ್ರಲ್ಲ!" ಎಂದು ಕೂಗಿದೆ. ಒಂದು ತುಂಡು ರೊಟ್ಟಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದೆ. ಗೊತ್ತಾಗಲಿಲ್ಲ.

ಅಷ್ಟರಲ್ಲಿ ಒಗೆದ ಬಟ್ಟೆಗಳನ್ನು ಹೊತ್ತು ಶಾಂತಾ ಬಂದಳು. ಒಂದು ಚೂರು ಬಾಯಿಗೆ ಹಾಕಿದ್ದೇ ತಡ, ಹಣೆ ಚಚ್ಚಿಕೊಂಡಳು.

"ನಿಮ್ಮವ್ವಂದ್ರೀ ಇದು! ದಿನಾ ಎರಡ ಹೊತ್ತ ಆಕಿ ಕೈಯಾಗಿನ ರೊಟ್ಟೀನ ತಿಂತೀರಲ್ಲ!"

ಆ ಚೀಲದ ನಂಬರಿನ ಮುಂದೆ ಬೆಳಿಗ್ಗೆ ನನ್ನ ಹೆಸರನ್ನು ನಾನೇ ಟೈಪ್ ಮಾಡಿದ್ದೆ. ಒತ್ತುವ ಭರದಲ್ಲಿ ಓದಿರಲಿಲ್ಲ! ಅಂಗಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಊರಿನ ಸಂಪರ್ಕ ಸಿಕ್ಕಿತ್ತು. ಸಂಪರ್ಕ ಸಾಧ್ಯವಾಗದೆ ನಿಂತವನು, ಡಿಪ್ಲೊಮಾ ಇದ್ದ ನಾನೊಬ್ಬನೇ.