ನಿಯಂತ್ರಕ ಕೋಶಗಳಿಗೆ ನಾನು ಕೊಟ್ಟ ತರಬೇತಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನಿಗೆ ತನ್ನ ಶ್ವಾಸನಾಳದ ವ್ಯವಹಾರ ತಿಳಿಯದೇ ಇರುತ್ತದೆಯೇ? ಇಲ್ಲ ಎಂದೇ ನಂಬಿದ್ದೆ.

ನನಗೆ ಧೂಳಿನ ಅಲರ್ಜಿ, ಜೊತೆಗೆ ಉಬ್ಬಸ. ವಾಹನಗಳ ಧೂಳೆದ್ದ ನಂತೂರು ಸರ್ಕಲ್ ದಾಟುವಷ್ಟರಲ್ಲಿ ಎದೆ ಸಿಳ್ಳೆ ಹೊಡೆಯುತ್ತದೆ. ಹೀಗಿರುವಾಗ ಅಕ್ಕನ ಮಗಳು ರೀಮಾಳ ಮದುವೆ ಬಂತು. ನಮ್ಮ ಕ್ರೈಸ್ತ ಮದುವೆಗಳಲ್ಲಿ ಒಬ್ಬರು ಗ್ಲಾಸ್ ಹಿಡಿದು, ವಧೂವರರನ್ನು ಹೊಗಳಿ ಟೋಸ್ಟ್ ಭಾಷಣ ಮಾಡಬೇಕು. ರೀಮಾಳಿಗೆ ಅಪ್ಪ ಇಲ್ಲ. ಆ ಮಾತು ನಾನೇ ಆಡಬೇಕೆಂದು ಅವಳೇ ಕೇಳಿದ್ದಳು. ಕೆಮ್ಮದೆ ಹತ್ತು ನಿಮಿಷ ಮಾತಾಡುವುದು ಹೇಗೆ ಎಂದು ಹುಡುಕತೊಡಗಿದೆ.

ಸಿಕ್ಕಿದ್ದು ನಿಯಂತ್ರಕ ಟಿ ಕೋಶಗಳು ಎಂಬ ರಕ್ಷಣಾ ಕೋಶಗಳ ವಿಷಯ. ಧೂಳು ಕಂಡ ಕೂಡಲೇ ಉಳಿದ ರಕ್ಷಣಾ ಕೋಶಗಳು ಶತ್ರು ಬಂದನೆಂದು ಗಲಾಟೆ ಎಬ್ಬಿಸಿ ಶ್ವಾಸನಾಳ ಊದಿಸುತ್ತವೆ. ಇವು ಅವನ್ನು ಸಮಾಧಾನ ಮಾಡುತ್ತವೆ. ನಮ್ಮಂಥವರಲ್ಲಿ ಇವುಗಳ ಮಾತು ನಡೆಯುವುದಿಲ್ಲ. ಅಲರ್ಜಿಯ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಇವನ್ನು ಪಳಗಿಸಬಹುದಂತೆ. ವೈದ್ಯರೇ ಅಳತೆ ಮಾಡಿ ವರ್ಷಗಟ್ಟಲೆ ಕೊಡಬೇಕು ಎಂಬ ಸಾಲನ್ನೂ ಓದಿದೆ. ಅದು ಸಾಮಾನ್ಯ ಜನರಿಗೆ ಬರೆದದ್ದು ಎಂದು ತೀರ್ಮಾನಿಸಿದೆ. ಮದುವೆಗೆ ಹದಿನೈದು ದಿನ ಇತ್ತು.

ಮೊದಲ ದಿನ ಅಟ್ಟದ ಹಳೆಯ ಹತ್ತಿ ಹಾಸಿಗೆಗೆ ಕೋಲಿನಿಂದ ಐದು ಪೆಟ್ಟು, ಎದ್ದ ಧೂಳಿನಲ್ಲಿ ಒಂದು ದೀರ್ಘ ಉಸಿರು. ಮರುದಿನ ಹತ್ತು ಪೆಟ್ಟು. ಕೋಶಗಳಿಗೆ ಸೋಮಾರಿತನ ಬರಬಾರದೆಂದು ದಿನವೂ ಎಳೆಯುವ ಇನ್‌ಹೇಲರ್ ನಿಲ್ಲಿಸಿದೆ. ಕೆಮ್ಮು ಹೆಚ್ಚಿತು. ಪಾಠ ತಲೆಗೆ ಹತ್ತುತ್ತಿದೆ ಎಂದುಕೊಂಡೆ. ನರ್ಸ್ ಆಗಿರುವ ಹೆಂಡತಿ ಲವೀನಾ ವಿಚಾರಿಸಿದಾಗ, ಅಟ್ಟ ಗುಡಿಸುತ್ತಿದ್ದೇನೆ ಎಂದೆ. ಅವಳು ಮೊದಲ ಬಾರಿಗೆ ನನ್ನನ್ನು ಹೊಗಳಿದಳು!

ಮದುವೆಯ ದಿನ ಜೆಪ್ಪುವಿನ ಹಾಲ್‌ನಲ್ಲಿ ಮೈಕ್ ಹಿಡಿದು, "ಪ್ರಿಯ ಅತಿಥಿಗಳೇ" ಎಂದೆ. ಮುಂದೆ ಬಂದದ್ದು ಬರೀ ಸಿಳ್ಳೆ. ಅದೇ ಸೂಚನೆ ಎಂದು ತಿಳಿದು ಬ್ಯಾಂಡಿನವರು ಬಾರಿಸಲು ಶುರುಮಾಡಿದರು.

ಲವೀನಾ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬ್ಯಾಗಿನಿಂದ ತುರ್ತಿನ ಇನ್‌ಹೇಲರ್ ತೆಗೆದು ಕೊಟ್ಟಳು. ಉಸಿರು ಬಂದ ಮೇಲೆ ಎಲ್ಲವನ್ನೂ ಒಪ್ಪಿಕೊಂಡೆ.

"ಎಂತ ಮಾರಾಯ್ರೇ, ನಿಮ್ಮ ಎದೆಯೊಳಗೆ ಜಗಳ ಬಿಡಿಸುವವರು ಇದ್ದದ್ದೇ ನಾಲ್ಕು ಜನ. ನೀವು ಇನ್‌ಹೇಲರ್ ಬಿಟ್ಟು ಅವರಿಗಿದ್ದ ಸಹಾಯ ತಪ್ಪಿಸಿ, ಜಗಳ ಮಾಡುವವರಿಗೆ ದಿನಾ ಧೂಳಿನ ಊಟ ಹಾಕಿದ್ದೀರಿ" ಎಂದಳು.

ನಂತರ ಅವಳೇ ಮೈಕ್ ಹಿಡಿದು ಐದಾರು ಮಾತಿನಲ್ಲಿ ಟೋಸ್ಟ್ ಮುಗಿಸಿದಳು. ರೀಮಾ ಅತ್ತು, ನಕ್ಕು, ಅವಳನ್ನು ಅಪ್ಪಿಕೊಂಡಳು. ಅಪ್ಪನ ಜಾಗದಲ್ಲಿ ನಿಂತು ಆಡಬೇಕಾದ ಮಾತು ಕೈತಪ್ಪಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ರೀಮಾ ನನ್ನ ಬಳಿ ಬಂದಾಗ, ಕಿಸೆಯಿಂದ ಭಾಷಣದ ನಾಲ್ಕು ಹಾಳೆ ತೆಗೆದು ಅವಳ ಕೈಗಿಟ್ಟೆ. ಅವಳು ನಿಂತಲ್ಲೇ ಪೂರ್ತಿ ಓದಿದಳು.

"ಮಾಮ, ಮೂರು ಪುಟ ಟಿ ಕೋಶವೇ ಉಂಟು. ನನ್ನ ಹೆಸರು ಬರುವುದು ನಾಲ್ಕನೆಯದರಲ್ಲಿ" ಎಂದಳು. ಆಮೇಲೆ ನನ್ನ ಬೆನ್ನು ತಟ್ಟಿ, ಕೆಮ್ಮು ಬಂದದ್ದು ಒಳ್ಳೆಯದೇ ಆಯಿತು ಎಂದಳು.